ಅಧ್ಯಕ್ಷರ ಮಗಳು

ಖಲೀಲನ ಬಾಯಿಗೆ ಗೊತ್ತಿದ್ದದ್ದು ಎರಡೇ ಕೆಲಸ: ಮಿರ್ಚಿ ತಿನ್ನುವುದು, ಫುಟ್‌ಬಾಲ್ ಬಗ್ಗೆ ಮಾತಾಡುವುದು. ಎರಡೂ ಒಟ್ಟಿಗೆ ಸೇರಿದ ದಿನ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತಿತ್ತು. ಅದು ಗೊತ್ತಿದ್ದೇ ಮಗಳು ಫಿಜಾ ಆ ಶನಿವಾರ ಬೆಳಿಗ್ಗೆ ಅವನನ್ನು ಬಾಗಿಲಲ್ಲೇ ತಡೆದಳು.

“ಅಬ್ಬಾ, ಇವತ್ತೊಂದಿನ ಬಾಯಿ ಬಿಡಬ್ಯಾಡ್ರಿ. ಸಂಜಿ ನಾಲ್ಕಕ್ಕೆ ಟೀಮ್ ಲಿಸ್ಟ್ ಓದ್ತಾರೆ. ನನ್ನ ಹೆಸರು ಐತೆ ಅಂತ ಕೋಚ್ ಹೇಳ್ಯಾರೆ.”

“ಆತು ಬೇಟಾ. ಇವತ್ತು ನಾನು ಮೂಗ ಅಂತ ತಿಳ್ಕೋ.”

ದಾವಣಗೆರೆಯ ತುಂಗಭದ್ರಾ ಎಫ್‌ಸಿ ಹೆಣ್ಣುಮಕ್ಕಳಿಗೆ ಸಂಬಳ ಕೊಟ್ಟು ಆಡಿಸುವ ಕ್ಲಬ್ಬು. ಫಿಜಾ ನಾಲ್ಕು ವರ್ಷದಿಂದ ನಸುಕಿಗೇ ಎದ್ದು ಹರಿಹರದಿಂದ ಬಸ್ಸು ಹಿಡಿದು ಅಲ್ಲಿಗೆ ಅಭ್ಯಾಸಕ್ಕೆ ಹೋಗುತ್ತಿದ್ದಳು. ಗಾದಿ ಹೊಲಿಯುವ ಖಲೀಲನಿಗೆ ಮಗಳನ್ನು ಆ ಹಸಿರು ಜರ್ಸಿಯಲ್ಲಿ ನೋಡುವುದು ಬಿಟ್ಟರೆ ಬೇರೆ ಆಸೆಯೇ ಇರಲಿಲ್ಲ.

ಆದರೆ ಗಾದಿ ಅಂಗಡಿಗೆ ಹೋಗುವ ದಾರಿಯಲ್ಲಿ ನಿಂಗರಾಜುವಿನ ಮಂಡಕ್ಕಿ-ಮಿರ್ಚಿ ಅಂಗಡಿ ಇತ್ತು. ಅಲ್ಲಿ ಆಗಲೇ ಚರ್ಚೆ ಕಾವೇರಿತ್ತು. ವಿದೇಶದ ಯಾವುದೋ ಕ್ಲಬ್ಬಿನ ಮಾಲೀಕ ಕೋಚ್‌ನನ್ನು ಕಿತ್ತುಹಾಕಿದ್ದು ನ್ಯಾಯವೋ ಅನ್ಯಾಯವೋ ಎಂದು ನಾಲ್ಕು ಜನ ಕೂಗಾಡುತ್ತಿದ್ದರು. ಆ ಮಾಲೀಕ ಇವರ ತೀರ್ಪಿಗೇ ಕಾದು ಕೂತಂತಿತ್ತು. ಖಲೀಲ ಬಾಯಿಗೆ ಇಡೀ ಮಿರ್ಚಿ ತುರುಕಿಕೊಂಡು ಸುಮ್ಮನೆ ಕೂತ.

“ದೂರದ್ದು ಬಿಡ್ರಿ,” ಎಂದ ನಿಂಗರಾಜು, ಎಣ್ಣೆಯಲ್ಲಿ ಜಾಲರಿ ಆಡಿಸುತ್ತಾ. “ನಮ್ಮ ಕ್ಲಬ್ಬಿನ ಅಧ್ಯಕ್ಷರು ಪಂಚಾಕ್ಷರಪ್ಪಾರು ತಮ್ಮ ಮಗಳನ್ನೇ ಗೋಲ್‌ಕೀಪರ್ ಮಾಡ್ಯಾರಲ್ಲ, ಅದು ಸರೀನಾ? ಖಲೀಲಣ್ಣ, ನೀವೇ ಹೇಳ್ರಿ.”

ಅಧ್ಯಕ್ಷರ ಮಗಳು ರಶ್ಮಿತಾ ಒಳ್ಳೆಯ ಹುಡುಗಿ. ಆದರೆ ಚೆಂಡು ಬಂದರೆ ಮನೆಗೆ ಹಿರಿಯರು ಬಂದರೆಂಬಂತೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳು. ಹೋದ ಪಂದ್ಯದಲ್ಲಿ ಅವಳು ಬಿಟ್ಟ ಏಳು ಗೋಲು ನೆನಪಾಗಿ ಖಲೀಲನ ಮಿರ್ಚಿ ತಾನಾಗಿ ಗಂಟಲಿಗೆ ಇಳಿಯಿತು.

“ಅಧ್ಯಕ್ಷನ ಕುರ್ಚ್ಯಾಗೆ ಕುಂತವನ ಮಗಳು ಮೈದಾನಕ್ಕೆ ಇಳೀಬಾರದು. ಎಷ್ಟೇ ಚಂದ ಆಡ್ಲಿ, ಇಳೀಬಾರದು. ಕ್ಲಬ್ ಅಭಿಮಾನಿಗಳದ್ದು, ಅವರಪ್ಪನ ಮನಿ ಅಲ್ಲ,” ಎಂದುಬಿಟ್ಟ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಿಂಗರಾಜು ತಟ್ಟಲಿಲ್ಲ, ಯಾಕೆಂದರೆ ಅವನ ಒಂದು ಕೈಯಲ್ಲಿ ಜಾಲರಿ, ಇನ್ನೊಂದರಲ್ಲಿ ಮೊಬೈಲ್ ಇತ್ತು.

ಹತ್ತು ಗಂಟೆಗೆ ಆ ವಿಡಿಯೋ ಹರಿಹರ ದಾಟಿ ದಾವಣಗೆರೆ ತಲುಪಿತ್ತು. ಮಧ್ಯಾಹ್ನ ಮೂರಕ್ಕೆ ಅಭಿಮಾನಿ ಸಂಘದ ಕಾರ್ಯದರ್ಶಿ ಬಕ್ಕೇಶ್ ಗಾದಿ ಅಂಗಡಿಗೇ ಬಂದ. ಕೈಯಲ್ಲಿ ಬ್ಯಾನರ್, ಬ್ಯಾನರಿನಲ್ಲಿ ಖಲೀಲನ ಮುಖ, ಕೆಳಗೆ ‘ನೀತಿವಂತ ನಾಯಕತ್ವಕ್ಕಾಗಿ’ ಎಂಬ ಅಕ್ಷರ.

“ಇದನ್ನ ಯಾಕಪ್ಪ ಮಾಡ್ಸಿದಿ?” ಖಲೀಲ ಸೂಜಿಯನ್ನು ಗಾದಿಗೆ ಚುಚ್ಚಿ ಎದ್ದ.

“ಒಬ್ಬರಾದ್ರೂ ಧೈರ್ಯವಾಗಿ ಮಾತಾಡಿದ್ರಲ್ಲ ಭಾಯ್. ನಾವೆಲ್ಲ ನಿಮ್ಮ ಹಿಂದೆ ಅದೀವಿ.”

ಲಿಸ್ಟಿಗೆ ಸಹಿ ಹಾಕುವವರು ಅದೇ ಪಂಚಾಕ್ಷರಪ್ಪ. ಖಲೀಲ ಕಾಲು ಹಿಡಿದಾದರೂ ಮಗಳ ಹೆಸರು ಉಳಿಸಿಕೊಳ್ಳಬೇಕೆಂದು ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದ. ಹಿಂದೆಯೇ ಬಕ್ಕೇಶನೂ ಬ್ಯಾನರೂ ಮೂವತ್ತು ಅಭಿಮಾನಿಗಳೂ ಹತ್ತಿದರು. ದಾರಿಯುದ್ದಕ್ಕೂ ಜೈಕಾರ. ಕ್ಷಮೆ ಕೇಳಲು ಹೊರಟವನು ಮೆರವಣಿಗೆಯಲ್ಲೇ ಕ್ಲಬ್ಬಿನ ಮೈದಾನಕ್ಕೆ ಬಂದು ಇಳಿದ.

ಅಕ್ಕಿ ಗಿರಣಿಯ ಸಾಹುಕಾರರಾದ ಪಂಚಾಕ್ಷರಪ್ಪ ವೇದಿಕೆಯ ಮೇಲೆ ಕೂತಿದ್ದರು. ಕೆಳಗೆ ಸಾಲಾಗಿ ನಿಂತ ಹುಡುಗಿಯರಲ್ಲಿ ಫಿಜಾ ಅಪ್ಪನನ್ನು ನೋಡಿ ಕಣ್ಣು ಮುಚ್ಚಿಕೊಂಡಳು. ಖಲೀಲ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, “ಸಾಹುಕಾರ್ರೆ, ಬೆಳಿಗ್ಗೆ ಮಿರ್ಚಿ ಖಾರಾಗಿತ್ತು, ಏನೇನೋ ಅಂದುಬಿಟ್ಟೆ...” ಎಂದು ಶುರುಮಾಡಿದ.

“ಬರ್ರಿ ಖಲೀಲ್ ಸಾಬ್ರೆ, ಕೂಡ್ರಿ. ನೀವು ಅಂದಿದ್ದು ನೂರಕ್ಕೆ ನೂರು ಖರೆ,” ಎಂದು ನಕ್ಕ ಪಂಚಾಕ್ಷರಪ್ಪ ಅವನ ಹೆಗಲಿಗೆ ಶಾಲು ಹೊದಿಸಿ, ತಲೆಗೆ ಪೇಟ ಇಟ್ಟು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಆಯ್ಕೆಯಾದ ಆಟಗಾರ್ತಿಯರ ತಂದೆತಾಯಿಗೆ ಹೋದ ವರ್ಷವೂ ಹೀಗೇ ಸನ್ಮಾನ ಮಾಡಿದ್ದರು. ಮಗಳು ಆಯ್ಕೆಯಾದಳೆಂದು ಖಲೀಲನ ಕಣ್ಣು ತುಂಬಿ ಬಂತು. ತಲೆಬಾಗಿ ಎಲ್ಲವನ್ನೂ ಸ್ವೀಕರಿಸಿದ. ನಮ್ಮ ಕಡೆ ನಾಲ್ಕು ಜನರ ಮುಂದೆ ಶಾಲು ಹೊದ್ದವನು ಆಮೇಲೆ ಯಾವುದಕ್ಕೂ ಒಲ್ಲೆ ಅನ್ನುವ ಹಾಗಿಲ್ಲ.

ಪಂಚಾಕ್ಷರಪ್ಪ ಮೈಕು ಹಿಡಿದರು. “ಕುರ್ಚಿ ಮ್ಯಾಲೆ ಅಪ್ಪ, ಮೈದಾನದಾಗೆ ಮಗಳು, ಇದು ನೀತಿ ಅಲ್ಲ. ಅದಕ್ಕೆ ನಾನು ಕುರ್ಚಿ ಬಿಟ್ಟೆ. ಇನ್ಮುಂದೆ ಖಲೀಲ್ ಸಾಬ್ರೇ ನಮ್ಮ ಅಧ್ಯಕ್ಷರು. ಒಪ್ಪಿಗೆ ಇದ್ದೋರು ಕೈ ಎತ್ರಿ.”

ಮೈದಾನವೇ ಕೈ ಎತ್ತಿತು. ಬಕ್ಕೇಶ್ ಎರಡೂ ಕೈ ಎತ್ತಿದ. ಖಲೀಲನ ಕೈಯಲ್ಲಿ ಬುಟ್ಟಿ ಇದ್ದದ್ದರಿಂದ ಬೇಡವೆಂದು ಆಡಿಸಲೂ ಆಗಲಿಲ್ಲ.

ಕೋಚ್ ಲಿಸ್ಟು ಓದಿದರು. ಗೋಲ್‌ಕೀಪರ್, ರಶ್ಮಿತಾ. ಅವಳ ಅಪ್ಪನಿಗೆ ಈಗ ಯಾವ ಕುರ್ಚಿಯೂ ಇರಲಿಲ್ಲ. ಹನ್ನೊಂದನೆಯದಾದ ಫಿಜಾಳ ಹೆಸರಿಗೆ ಬಂದ ಕೋಚ್ ತಡವರಿಸಿ, ಹೊಸ ಅಧ್ಯಕ್ಷರ ಕಡೆ ನೋಡಿ, ಪೆನ್ನು ತೆಗೆದು ಅದರ ಮೇಲೆ ಗೀಟು ಎಳೆದರು.

“ಎಷ್ಟೇ ಚಂದ ಆಡ್ಲಿ, ಇಳೀಬಾರದು,” ಎಂದು ಬಕ್ಕೇಶ್ ಗದ್ಗದಿತನಾಗಿ ಕೂಗಿದ. ಜನ ಜೈ ಅಂದರು.

ಖಲೀಲ ಪಂಚಾಕ್ಷರಪ್ಪನವರ ತೋಳು ಹಿಡಿದ. “ನಂಗಿದು ಬ್ಯಾಡ್ರಿ. ಈಗಲೇ ರಾಜೀನಾಮೆ ತಗೊಳ್ರಿ.”

“ನಾನ್ಯಾರ್ರೀ ತಗೊಳಾಕೆ? ರಾಜೀನಾಮೆ ಅಧ್ಯಕ್ಷರಿಗೆ ಕೊಡ್ಬೇಕು, ಅಧ್ಯಕ್ಷರು ನೀವೇ. ಆಮೇಲೆ ಅದನ್ನ ಸಭೆಗಿಡ್ಬೇಕು, ಸಭೆಗೆ ಏಳು ದಿನ ಮೊದಲೇ ನೋಟಿಸ್ ಕೊಡ್ಬೇಕು. ಲಿಸ್ಟು ಐದಕ್ಕೇ ಬೆಂಗಳೂರಿನ ಲೀಗ್ ಆಫೀಸಿಗೆ ಹೋಗ್ತೈತೆ.”

“ಮತ್ತೆ ನಿಮ್ಮದು?”

“ನಂದು ಹೋದ ವಾರದ ಶುಕ್ರವಾರನೇ ಬರೆದಿಟ್ಟು, ಇವತ್ತಿನ ಸಭೆಗೆ ನೋಟಿಸ್ ಕೊಟ್ಟಿದ್ದೆ,” ಎಂದರು ಪಂಚಾಕ್ಷರಪ್ಪ, ಶಾಲಿನ ಮಡಿಕೆ ಸರಿಪಡಿಸುತ್ತಾ. “ಕುರ್ಚಿಗೆ ನೀತಿವಂತರು ಸಿಕ್ಕಿರಲಿಲ್ಲ, ಅಷ್ಟೇ.”

ಹರಿಹರದ ಬಸ್ಸಿನಲ್ಲಿ ಖಲೀಲ ಪೇಟವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಪಕ್ಕದಲ್ಲಿ ಫಿಜಾ ಬುಟ್ಟಿಯಿಂದ ಒಂದು ಬಾಳೆಹಣ್ಣು ಸುಲಿದು ಅಪ್ಪನ ಕೈಗಿಟ್ಟಳು.

“ಲಿಸ್ಟು ಓದಿ ಆತು ಅಬ್ಬಾ,” ಎಂದಳು. “ಇನ್ನು ಎಷ್ಟು ಬೇಕಾದ್ರೂ ಮಾತಾಡ್ರಿ.”