ಮೂರು ದಿನದೊಳಗೆ ವಾಪಸ್

ಆ ಒಂದು ಸಾಲು ಸಂಗಮನಾಥನದಲ್ಲ, ಅಜೀಮನದು. ಸೂಟು ಸಂಗಮನಾಥನದು, ಫೋನು ಸಂಗಮನಾಥನದು, ಹೆಂಗಾದರೂ ಮಾಡಿ ಮಾರಿಬಿಡಬೇಕೆಂಬ ಹಟವೂ ಅವನದೇ. ಆದರೆ ಜಾಹೀರಾತಿನ ಕೊನೆಗೆ 'ಪಸಂದ್ ಬರದಿದ್ದರೆ ಮೂರು ದಿನದೊಳಗೆ ವಾಪಸ್' ಎಂದು ಒತ್ತಿದವನು ಪಕ್ಕದ ಮೊಬೈಲ್ ಅಂಗಡಿಯ ಅಜೀಮ.

"ವಾಪಸ್ ಅಂತ ಬರದ್ರ ಮಂದಿ ನಂಬ್ತಾರ ಭಾಯ್. ಖರೇನ ಯಾರೂ ವಾಪಸ್ ಮಾಡಂಗಿಲ್ಲ. ಅಷ್ಟು ದೂರ ಯಾವಂವ ತಿರುಗಿ ಬರ್ತಾನ?"

ತಿರುಗಿ ಬಂದದ್ದು ಮನುಷ್ಯನಲ್ಲ, ಸೂಟು. ಮಂಗಳವಾರ ಬೆಳಿಗ್ಗೆ ಸುರಪುರದ ಬಸ್ಸು ಶಹಾಪುರದಲ್ಲಿ ಸಂಗಮನಾಥನ ಪಂಕ್ಚರ್ ಅಂಗಡಿಯ ಮುಂದೆ ಗಕ್ಕನೆ ನಿಂತಿತು. ಕಂಡಕ್ಟರ್ ಬಾಗಿಲಿನಿಂದಲೇ ಒಂದು ಚೀಲ ಎಸೆದು, "ನಿಂದಂತ, ತಗೋ!" ಎಂದು ಸೀಟಿ ಊದಿದ. ಒಳಗೆ ಮರೂನ್ ಬಣ್ಣದ ಸೂಟು, ಬೀಗರ ಮನೆಯಲ್ಲಿ ಮೂರು ದಿನ ಉಂಡು ಬಂದ ಮುದುಕನಂತೆ ಮುದುಡಿ ಮಲಗಿತ್ತು. ಹಿಂದೆಯೇ ಫೋನು ಗುಂಯ್‌ಗುಟ್ಟಿತು:

'ಸೈಜ್ ಸರಿಯಿಲ್ಲ. ಒಮ್ಮೆಯೂ ಧರಿಸಿಲ್ಲ. ಇಂದಿಗೆ ಮೂರನೆಯ ದಿನ. ಸಂಜೆ ಆರಕ್ಕೆ ಬರುತ್ತೇನೆ, ಮೂರೂವರೆ ಸಾವಿರ ಸಿದ್ಧವಿಡಿ. ಇಂತಿ, ಪ್ರವೀಣಕುಮಾರ, ಎಂ.ಎ.'

ಸಂಗಮನಾಥನಿಗೆ ವಾಪಸ್ ಬಂದ ಸೂಟಿಗಿಂತ ಆ ಎಂ.ಎ. ಹೆಚ್ಚು ಚುಚ್ಚಿತು. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವನು ಅವನು. ಈ ಸೂಟನ್ನು ಒಂಬತ್ತು ಸಾವಿರ ಸುರಿದು ಹೊಲಿಸಿದ್ದು ತನ್ನದೇ ಮದುವೆಗೆ. ಹುಡುಗಿ ಸುರಪುರದ ಪರಿಮಳಾ. "ಮರೂನೇ ಇರ್ಲಿ, ನಿಮಗ ಒಪ್ತದ" ಎಂದು ಫೋನಿನಲ್ಲಿ ಬಣ್ಣ ಆರಿಸಿದವಳೂ ಅವಳೇ. ಮದುವೆ ಹದಿನೈದು ದಿನ ಇದೆ ಎನ್ನುವಾಗ, ತನಗೆ ಓದಿದ ಹುಡುಗ ಬೇಕು ಎಂದು ಅಡುಗೆಮನೆಯಿಂದಲೇ ಹೇಳಿ ಕಳಿಸಿದಳು. ಹಿರಿಯರು ಕೂತರು, ಚಹಾ ಕುಡಿದರು, ಅವರ ಉಂಗುರ ಅವರಿಗೆ, ಇವರ ಸೀರೆ ಇವರಿಗೆ ವಾಪಸ್ ಕೊಡಿಸಿ ಎದ್ದರು. ಸೂಟಿಗೆ ಮಾತ್ರ ವಾಪಸ್ ಇರಲಿಲ್ಲ. ದರ್ಜಿ ಅಷ್ಟರಲ್ಲಿ ಒಳಗಿಸೆಯ ಮೇಲೆ 'ಸಂಗಮನಾಥ, ಶಹಾಪುರ' ಎಂದು ಬರೆದ ಬಿಳಿ ಪಟ್ಟಿಯನ್ನೂ ಹೊಲಿದು ಮುಗಿಸಿದ್ದ.

ಆರು ತಿಂಗಳು ಅದು ಮೊಳೆಗೆ ನೇತಾಡಿತು. ರಾತ್ರಿ ಎಚ್ಚರವಾದಾಗ ಯಾರೋ ತಲೆಯಿಲ್ಲದವನು ಗೋಡೆಗೆ ಆತು ನಿಂತಿದ್ದಾನೆ ಅನ್ನಿಸುತ್ತಿತ್ತು. ಹೋದ ವಾರ ಗಾಳಿ ಹೊಡೆಯುವ ಕಂಪ್ರೆಸರಿನ ಮೋಟಾರು ಸುಟ್ಟಿತು. ವೈಂಡಿಂಗ್ ಅಂಗಡಿಯವನು ಮೂರೂವರೆ ಸಾವಿರ ಅಂದ. ಸಂಗಮನಾಥ ಮೊಳೆಯ ಕಡೆ ನೋಡಿದ. ಸುರಪುರದಿಂದ ಯಾರೋ ಅಷ್ಟೇ ದುಡ್ಡನ್ನು ಫೋನಿನಲ್ಲೇ ಹಾಕಿದ, ಸೂಟು ಬಸ್ಸು ಹತ್ತಿ ಹೋಯಿತು.

ಎಂಟು ದಿನದಿಂದ ಕೈಪಂಪು. ಟ್ರ್ಯಾಕ್ಟರ್ ಟೈರೊಂದು ತುಂಬುವಷ್ಟರಲ್ಲಿ ಅವನದೇ ಗಾಳಿ ಹೋಗುತ್ತಿತ್ತು. ಭುಜಗಳು ಬೇರೆ ಯಾರದೋ ಎನ್ನುವಂತೆ ನೋಯುತ್ತಿದ್ದವು. ಇವತ್ತು ಸಂಜೆ ದುಡ್ಡು ಕೊಟ್ಟು ಮೋಟಾರು ತರುವುದಿತ್ತು. ಈಗ ಆ ದುಡ್ಡಿಗೆ ಎಂ.ಎ. ಬರುತ್ತಿದ್ದಾನೆ.

ಎದುರಿನ ಚಹಾದಂಗಡಿಯ ಹನುಮಮ್ಮ ಇಷ್ಟೊತ್ತು ಸುಮ್ಮನಿದ್ದದ್ದೇ ಹೆಚ್ಚು. ಸೆರಗಿಗೆ ಕೈ ಒರೆಸಿಕೊಂಡು ಬಂದವಳೇ, ಸಂತೆಯಲ್ಲಿ ಮೇಕೆ ನೋಡುವಂತೆ ಸೂಟನ್ನು ಎತ್ತಿ, ಹಿಂಡಿ, ಮೂಸಿದಳು.

"ಅತ್ತರ್ ವಾಸನಿ ಬರಾಕತ್ತದಲ್ಲೋ ಸಂಗ್ಯಾ!" ಎಂದು ಕಿಸೆ ತಿರುವಿದಳು. ಅರಿಶಿಣ ಹಚ್ಚಿದ ಅಕ್ಕಿಕಾಳು ಬಳಬಳ ನೆಲಕ್ಕೆ ಉದುರಿದವು. "ಹಾಕ್ಕೊಂಡಿಲ್ಲಂತ? ಇದು ಲಗ್ನಾ ಮಾಡ್ಕೊಂಡು, ಉಂಡು, ತಾಂಬೂಲ ತಗೊಂಡು ಬಂದದ!"

ಸಂಗಮನಾಥನ ಕಿವಿ ಕೆಂಪಾದವು. "ಬರ್ಲಿ ಆ ಎಂ.ಎ. ಮಗಾ. ಒಂದ ಪೈಸಾ ಕೊಡಂಗಿಲ್ಲ."

"ಅಂದಂಗ," ಹನುಮಮ್ಮ ದಿನಾ ಬೆಳಿಗ್ಗೆ ಕೇಳುವುದನ್ನು ಇವತ್ತೂ ಮರೆಯಲಿಲ್ಲ, "ಸುರಪುರದ ನಿಮ್ಮಾಕಿಗಿ ಎಲ್ಲೆರ ಲಗ್ನ ಕೂಡಿ ಬಂತೇನಪ?"

"ಹನುಮಕ್ಕಾ, ಆಕಿ ನಮ್ಮಾಕಿ ಅಲ್ಲ. ಆಕಿ ಸುದ್ದಿ ನಾ ಕೇಳಂಗಿಲ್ಲ, ನೀನೂ ಕೇಳಬ್ಯಾಡ."

ಬೆಂಚಿನ ಮೇಲೆ ಚಹಾ ಊದುತ್ತಿದ್ದ ಈಶಪ್ಪ ಗಂಟಲು ಸರಿ ಮಾಡಿಕೊಂಡ. ಮೂವತ್ತೊಂದು ವರ್ಷ ಕಂಡಕ್ಟರನಾಗಿದ್ದು ರಿಟೈರಾದವನು. ಓಣಿಯ ಜಗಳಗಳನ್ನೆಲ್ಲ ಇವತ್ತಿಗೂ ಟಿಕೆಟಿನ ನಿಯಮದಲ್ಲೇ ಬಗೆಹರಿಸುತ್ತಿದ್ದ.

"ನೋಡು ತಮ್ಮಾ. ಟಿಕೀಟ ಹರದ ಮ್ಯಾಲ ರೊಕ್ಕ ವಾಪಸ್ ಇಲ್ಲ. ಆದ್ರ ನೀನೇ ವಾಪಸ್ ಅಂತ ಬರದಿ. ಬರದದ್ದು ಬರದದ್ದೇ. ಅಂವ ಹಾಕ್ಕೊಂಡಾನ ಅಂತ ಸಬೂತ್ ತಂದಿ ಅಂದ್ರ ನಾನೇ ಅವನ್ನ ಇಳಸ್ತೀನಿ. ಇಲ್ಲಂದ್ರ ಕೊಡು."

"ಅಕ್ಕಿಕಾಳು ಬಿದ್ದಾವಲ್ಲ ಕಾಕಾ?"

"ಅವು ನಿನ್ನ ಲಗ್ನದವು ಯಾಕಿರಬಾರ್ದು ಅಂತ ಅಂವ ಕೇಳಿದ್ರ?"

"ನನ್ನ ಲಗ್ನ ಎಲ್ಲಾಗ್ಯಾದ ಕಾಕಾ?"

ಈಶಪ್ಪ ಖಾಲಿ ಕಪ್ಪನ್ನೇ ಇನ್ನೊಮ್ಮೆ ಊದಿದ.

ಸಂಗಮನಾಥ ಸಿಟ್ಟಿನಿಂದ ಉಳಿದ ಕಿಸೆಗಳನ್ನೂ ಕೊಡವಿದ. ಎದೆಗಿಸೆಯಿಂದ ಮಡಿಚಿದ ಚೀಟಿಯೊಂದು ಬಿತ್ತು. ಸುರಪುರದ ಫೋಟೋ ಸ್ಟುಡಿಯೋ ಒಂದರ ರಸೀದಿ: 'ಪ್ರವೀಣಕುಮಾರ, ಮದುವೆ ಆಲ್ಬಂ, ಅಡ್ವಾನ್ಸ್ ಮುಟ್ಟಿದೆ.'

"ಚೀಟಿ ಕಿಸೆದಾಗ ಇದ್ರ ಹಾಕ್ಕೊಂಡಂಗ ಆಗಂಗಿಲ್ಲ," ಎಂದ ಈಶಪ್ಪ.

"ಹಂಗಾರ ಹೋಗು!" ಎಂದಳು ಹನುಮಮ್ಮ. "ಫೋಟೋ ತೊಗೊಂಡು ಬಾ. ಪೂರಾ ಓಣಿಗಿ ತೋರಸೋಣು."

ಗಿರಾಕಿ ಇದ್ದ ಹೊತ್ತಿನಲ್ಲಿ ಅಂಗಡಿಗೆ ಬೀಗ ಹಾಕಿ ಅವನು ಸುರಪುರದ ಬಸ್ಸು ಹತ್ತಿದ. ಸಿಕ್ಕಿದ್ದು ಗಾಲಿಯ ಮೇಲಿನ ಸೀಟು. ಟೈರಿನ ಸಂಗ ಅಲ್ಲಿಯೂ ತಪ್ಪಲಿಲ್ಲ.

ಸ್ಟುಡಿಯೋದ ಮನ್ಸೂರಅಲಿ ಕನ್ನಡಕದ ಮೇಲಿನಿಂದ ನೋಡಿದ. "ಮಂದಿ ಲಗ್ನದ ಫೋಟೋ ನಿನಗ್ಯಾಕಪಾ?"

"ಸೂಟು ನಂದ್ರಿ."

"ಸೂಟು ನಿಂದು, ಲಗ್ನ ಅವಂದು? ಇಪ್ಪತ್ತು ವರ್ಷ ಫೋಟೋ ತಗದೀನಿ, ಇಂಥಾದ್ದು ಕೇಳಿದ್ದಿಲ್ಲ." ಆದರೂ ಅವನಿಗೆ ಕರುಣೆ ಬಂತು, ಕರುಣೆಗೊಂದು ಷರತ್ತೂ ಬಂತು. "ಬಂದವರು ಖಾಲಿ ಕೈಲಿ ಹೋಗಬಾರ್ದು. ಎಂಟು ಪಾಸ್‌ಪೋರ್ಟ್ ಫೋಟೋ ತಗಸು, ಲಗ್ನದ್ದೊಂದು ಫೋಟೋ ಪುಕ್ಕಟ ಕಳಸ್ತೀನಿ. ಕೂಡು. ಗದ್ದ ಮ್ಯಾಲ. ಜರಾ ನಗು."

"ನಗೂದು ಆಗಂಗಿಲ್ರಿ."

ಎಂಟು ಫೋಟೋ ಅಚ್ಚಾಗಿ ಹೊರಬಿದ್ದವು. ಎಂಟರಲ್ಲೂ ಹಲ್ಲುನೋವಿನವನು ಡಾಕ್ಟರ ಬಾಗಿಲಲ್ಲಿ ಕೂತಂತೆ ಸಂಗಮನಾಥ ಕೂತಿದ್ದ. ಮನ್ಸೂರಅಲಿ ಕಂಪ್ಯೂಟರಿನಲ್ಲಿ ಮದುವೆಯ ಫೋಟೋಗಳನ್ನು ತೆರೆಯಬೇಕು, ಅಷ್ಟರಲ್ಲಿ ಕರೆಂಟು ಹೋಯಿತು. ಒಂದು ತಾಸು ಕೂತರೂ ಬರಲಿಲ್ಲ.

"ಕರೆಂಟ್ ಬಂದ ಮ್ಯಾಲ ವಾಟ್ಸಾಪ್ ಹಾಕ್ತೀನಿ. ನೀ ಹೋಗು, ಬಸ್ ತಪ್ಪತದ."

ಬಸ್ಸು ಅರ್ಧ ದಾರಿಗೆ ಬಂದಾಗ ಫೋಟೋ ಬಂತು. ಬಂತು, ಆದರೆ ತೆರೆಯಲಿಲ್ಲ. ಅಷ್ಟಕ್ಕೇ ಅವನ ನೆಟ್ ಪ್ಯಾಕು ಮುಗಿಯಿತು. ನಡುವೆ ಒಂದು ದುಂಡು ಗುರುತು, ಹಿಂದೆ ಮಂಜು ಮಂಜಾಗಿ ಮರೂನ್ ಬಣ್ಣದ್ದೊಂದು ಮುದ್ದೆ, ಅದರ ಪಕ್ಕ ಹಸಿರು ಸೀರೆಯದೊಂದು ಮುದ್ದೆ. ಮರೂನ್ ಇದ್ದರೆ ಸಾಕು. ಅವನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಎಂ.ಎ.ಗೆ ಬೈಗುಳ ಜೋಡಿಸಿದ. ಎಂಟನೆಯ ಇಯತ್ತೆಯವನ ಸೂಟಿಲ್ಲದೆ ನಿನಗೆ ಅಕ್ಕಿಕಾಳು ಬೀಳಲಿಲ್ಲವಲ್ಲೋ, ಎಂಬಲ್ಲಿಗೆ ಬಂದಾಗ ಅವನಿಗೇ ಹಿತವಾಯಿತು. ಬೆಳಗಿನಿಂದ ಮೊದಲ ಸಲ.

ಆರಕ್ಕೆ ಓಣಿಯೆಲ್ಲ ಅಂಗಡಿಯ ಮುಂದೆ ಸೇರಿತ್ತು. ಈಶಪ್ಪ ಬೆಂಚಿನ ನಡುವೆ, ಹನುಮಮ್ಮ ಸ್ಟೋವ್ ಆರಿಸಿ ಬಂದು ಅವನ ಬದಿಗೆ. ಪ್ರವೀಣಕುಮಾರ ಬೈಕಿನಿಂದ ಇಳಿದ. ಸಣ್ಣಗೆ, ಉದ್ದಕ್ಕೆ, ಥೇಟ್ ಸಂಗಮನಾಥನ ಅಳತೆಯವನು.

"ನೋಡಿ, ಷರತ್ತು ನಿಮ್ಮದೇ," ಎಂದ, ಪಾಠ ಒಪ್ಪಿಸುವವನಂತೆ. "ಮೂರು ದಿನದೊಳಗೆ ವಾಪಸ್ ಮಾಡಿದ್ದೇನೆ. ಹಣ ಹಿಂತಿರುಗಿಸುವುದು ನಿಮ್ಮ ಜವಾಬ್ದಾರಿ."

"ಲಗ್ನದಾಗ ಹಾಕ್ಕೊಂಡೀರಿ!"

"ಸುಳ್ಳು. ಸಾಕ್ಷಿ ಎಲ್ಲಿದೆ?"

"ಅದ! ಫೋನ್‌ದಾಗೇ ಅದ! ಲೇ ಅಜೀಮ, ನೆಟ್ ಬಿಡೋ!"

ಅಜೀಮ ತನ್ನ ಫೋನಿನಿಂದ ನೆಟ್ ಬಿಟ್ಟ. ದುಂಡು ಗುರುತು ಗರಗರ ತಿರುಗತೊಡಗಿತು. ಪ್ರವೀಣಕುಮಾರನ ಹಣೆಯ ಮೇಲೆ ಬೆವರು ಮೂಡಿತು. ಮಂದಿ ಮುಂದಕ್ಕೆ ಬಾಗಿದರು.

"ತಡೀರಿ, ದೊಬ್ಬಬ್ಯಾಡ್ರಿ! ಮೊದ್ಲ ನಾ ನೋಡ್ತೀನಿ, ಆಮ್ಯಾಲ ಎಲ್ಲರಿಗೂ ತೋರಸ್ತೀನಿ," ಎಂದು ಸಂಗಮನಾಥ ಫೋನನ್ನು ಎದೆಗೆ ಹತ್ತಿರ ಹಿಡಿದ.

ಮೊದಲು ಮರೂನ್ ಮುದ್ದೆ ತಿಳಿಯಾಯಿತು. ಅದೇ ಸೂಟು, ಅದೇ ಗುಂಡಿ. ಒಳಗೆ ಬಾಸಿಂಗ ಕಟ್ಟಿಕೊಂಡ ಪ್ರವೀಣಕುಮಾರ. ಗೆದ್ದೆ! ಆಮೇಲೆ ಹಸಿರು ಮುದ್ದೆ ತಿಳಿಯಾಯಿತು.

ಪರಿಮಳಾ.

ಹಸಿರು ಸೀರೆ, ಕೈತುಂಬ ಬಳೆ. ನಗುತ್ತಿದ್ದಳು. ಮರೂನ್ ತೋಳಿಗೆ ತೋಳು ತಾಗಿಸಿ ನಿಂತಿದ್ದಳು.

ಸಂಗಮನಾಥನಿಗೆ ಓಣಿಯ ಸದ್ದೆಲ್ಲ ದೂರ ಹೋಯಿತು. ಸಬೂತು ಅಂಗೈಯಲ್ಲಿತ್ತು. ಫೋನು ತಿರುಗಿಸಿದರೆ ಸಾಕು, ಎಂ.ಎ. ಸೋತ, ಮೋಟಾರು ಮನೆಗೆ ಬಂತು, ಭುಜಕ್ಕೆ ಬಿಡುವು ಬಂತು. ಆದರೆ ತಿರುಗಿಸಿದರೆ ಮೊದಲು ಕಾಣುವುದು ಹನುಮಮ್ಮನಿಗೆ. ನಾಳೆಯಿಂದ ಒಂದೊಂದು ಕಪ್ಪು ಚಹಾದ ಸಂಗಡ, ಬಂದ ಬಂದ ಲಾರಿ ಡ್ರೈವರಿಗೆಲ್ಲ ಕತೆ: ಸಂಗ್ಯಾನ ಸೂಟಿಗಿ ಲಗ್ನಾತು, ಸಂಗ್ಯಾಗ ಆಗ್ಲಿಲ್ಲ. ಹುಡುಗಿ ಮಾತ್ರ ಅದೇ ಹುಡುಗಿ.

ಅವನ ಹೆಬ್ಬೆರಳು ಫೋಟೋವನ್ನು ಅಳಿಸಿಹಾಕಿತು.

"ಏನ್ ಬಂತೋ?" ಹನುಮಮ್ಮನ ಕೊರಳು ಕೊಕ್ಕರೆಯಂತೆ ಉದ್ದವಾಗಿತ್ತು.

"ಏನಿಲ್ಲ. ಯಾರೋ ಗುಡ್ ಮಾರ್ನಿಂಗ್ ಕಳಸ್ಯಾರ."

"ಸಂಜಿ ಆರು ಗಂಟೇಕ?"

"ತಡಾ ಮಾಡಿ ಎದ್ದಾರ."

ಈಶಪ್ಪ ತೊಡೆಗೆ ಕೈ ಬಡಿದು ಎದ್ದ. "ಸಬೂತ್ ಇಲ್ಲ. ಹಂಗಾರ ಕೊಡಪಾ. ಬರದದ್ದು ಬರದದ್ದೇ."

ಸಂಗಮನಾಥ ಫೋನು ಒತ್ತಿದ. ಮೂರೂವರೆ ಸಾವಿರ ಟಿಣ್ ಎಂದು ಹೋಯಿತು. ಬರುವಾಗಲೂ ಅದು ಹಾಗೇ ಟಿಣ್ ಎಂದಿತ್ತು. ಸಬೂತಿಲ್ಲದ ಜಗಳ ರುಚಿಯಿಲ್ಲವೆಂದು ಮಂದಿ ಚದುರಿದರು. ಅಜೀಮ ಯಾರ ಮುಖವನ್ನೂ ನೋಡದೆ ತನ್ನ ಅಂಗಡಿಯೊಳಗೆ ಸೇರಿಕೊಂಡ.

ಪ್ರವೀಣಕುಮಾರ ಬೈಕಿನ ಹಿಂದಿನ ಗಾಲಿಯನ್ನು ಬೂಟಿನಿಂದ ಒತ್ತಿ ನೋಡಿದ. "ಗಾಳಿ ಕಮ್ಮಿ ಆಗ್ಯಾದ. ಜರಾ ಹೊಡೀತೀರೇನ್ರಿ?"

ಇಲ್ಲ ಅನ್ನುವುದಕ್ಕೂ ಸಂಗಮನಾಥನಲ್ಲಿ ತ್ರಾಣ ಇರಲಿಲ್ಲ. ಕೈಪಂಪು ತಂದು ಹಚ್ಚಿದ. ನಾಲ್ಕು ಸಲ ಒತ್ತುವಷ್ಟರಲ್ಲಿ ಪ್ರವೀಣಕುಮಾರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಮಂದಿ ಹೋದ ಮೇಲೆ ಅವನ ಪುಸ್ತಕದ ಭಾಷೆಯೂ ಹೋಗಿತ್ತು.

"ಸಿಟ್ಟಾಗಬ್ಯಾಡ್ರಿ ಅಣ್ಣಾರ. ಹಾಕ್ಕೊಂಡಿದ್ದು ಖರೇನ. ಸೈಜೂ ಬರೋಬ್ಬರಿ ಇತ್ತು. ನನಗ ಭಾಳ ಪಸಂದ್ ಬಂದಿತ್ತು, ಇಟ್ಕೊಳಾವನೇ ಇದ್ದೆ."

"ಮತ್ಯಾಕ ತಂದ್ರಿ?"

"ನಿನ್ನಿ ನಮ್ಮನಿಯಾಕಿ ಮಡಚಿ ಇಡಾಕ ತಗೊಂಡ್ಳು. ಒಳಗಿಸೆ ಮ್ಯಾಲಿನ ಪಟ್ಟಿ ಓದಿದ್ಳು ನೋಡ್ರಿ, ಮಾರಿ ಸಣ್ಣದು ಮಾಡಿದ್ಳು. 'ಇದು ನನಗ ಬ್ಯಾಡ, ನಾಳಿಗೇ ವಾಪಸ್ ಮಾಡ್ರಿ' ಅಂತ ಹಟ ಹಿಡದ್ಳು. ಯಾಕಂದ್ರ ಹೇಳವಲ್ಲಳು."

ಸಂಗಮನಾಥ ಪಂಪು ನಿಲ್ಲಿಸಲಿಲ್ಲ. ಮೊದಲ ಸಲ ಹಿರಿಯರ ಕೈಲಿ, ಈ ಸಲ ಬಸ್ಸಿನ ಕಂಡಕ್ಟರನ ಕೈಲಿ. ಪರಿಮಳಾ ಅವನನ್ನು ಎರಡನೆಯ ಸಲ ವಾಪಸ್ ಮಾಡಿದ್ದಳು.

"ಸಾಕ್ರಿ, ಟೈಟ್ ಆತು," ಎಂದು ಪ್ರವೀಣಕುಮಾರ ಎದ್ದ. "ಎಷ್ಟಾತ್ರಿ?"

"ಐದ್ ರೂಪಾಯಿ," ಎಂದ ಸಂಗಮನಾಥ, ಭುಜ ಹಿಡಿದುಕೊಂಡು. "ಗಾಳಿ ವಾಪಸ್ ತಗೊಳಂಗಿಲ್ಲ."