ಒಗ್ಗರಣೆ ನಿಂತ ಮನೆಯಿಂದ ಸಂವಿಧಾನಾತ್ಮಕ ಆಕ್ಷೇಪಣೆ

ತಾ. ೯-೪-೧೯೫೧

ಇಂದ:
ಮಾರ್ತಾಂಡ ಪ್ರಹ್ಲಾದ ಹುಲಗೂರ, ವಯಸ್ಸು ೫೮, ಉದ್ಯೋಗ: ಕಚೇರಿಯ ಕಟ್ಟೆಯ ಮೇಲೆ ಕೂತು ಮಂದಿಯ ಅರ್ಜಿ ಬರೆಯುವುದು, ಸಾ॥ ಲಕ್ಷ್ಮೇಶ್ವರ.

ಗೆ:
ಮಾನ್ಯ ಆರೋಗ್ಯ ಮಂತ್ರಿಗಳು, ಭಾರತ ಸರ್ಕಾರ, ದಿಲ್ಲಿ.
(ಮಾಮಲೇದಾರ ಸಾಹೇಬರು, ಶಿರಹಟ್ಟಿ, ಇವರ ಮುಖಾಂತರ.)

ವಿಷಯ: ಅರ್ಜಿದಾರನ ಆಕ್ಷೇಪಣೆಯನ್ನು ದಯಮಾಡಿ ತಿರಸ್ಕರಿಸುವ ಬಗ್ಗೆ.

ಉಲ್ಲೇಖ: ೧) ಅರ್ಜಿದಾರನದೇ ಆಕ್ಷೇಪಣೆ, ತಾ. ೧೨-೩-೧೯೫೧, ಪುಟ ಹದಿನಾಲ್ಕು.
೨) ಸಿಡುಬಿನ ಲಸಿಕೆಯನ್ನು ದೇಶಕ್ಕೆಲ್ಲ ಕಡ್ಡಾಯ ಮಾಡುವ ಕಾಯ್ದೆ ಬರಲಿದೆ ಎಂದು ಲಸಿಕೆ ಹಾಕುವ ಖಾಸಿಂಸಾಬರು ನಮ್ಮ ಕಟ್ಟೆಯ ಮೇಲೆ ಕೂತು ಆಡಿದ ಮಾತು.

ಮಾನ್ಯರೇ,

೧. ಮೈಮೇಲೆ ಸಿಡುಬಿನ ಗುಳ್ಳೆ ಎದ್ದರೆ ದೇವಿ ಮನೆಗೆ ಬಂದಳೆಂದು ತಿಳಿದು, ಹಕ್ಕಳೆ ಉದುರುವವರೆಗೆ ಒಲೆಯ ಮೇಲೆ ಒಗ್ಗರಣೆ ಚಟಗುಡಿಸದಿರುವುದು ನಮ್ಮ ಕಡೆಯ ರೂಢಿ. ಅರ್ಜಿದಾರನ ಪತ್ನಿ ಜಾನಕೀಬಾಯಿಯವರು ಲಸಿಕೆಯ ಗುಳ್ಳೆಗೂ ಇದೇ ನಿಯಮ ಹಚ್ಚಿದ್ದಾರೆ.

೨. ಮನೆಯ ಐವರಿಗೆ, ಒಬ್ಬರಿಗೆ ಜ್ವರ, ಒಬ್ಬರು ಊರಲ್ಲಿಲ್ಲ ಎಂಬ ಕಾರಣ, ಬೇರೆ ಬೇರೆ ದಿನ ಲಸಿಕೆಯಾಯಿತು. ಒಬ್ಬರ ಹಕ್ಕಳೆ ಉದುರುವಷ್ಟರಲ್ಲಿ ಇನ್ನೊಬ್ಬರ ಗುಳ್ಳೆ ಏಳುವುದರಿಂದ ಎರಡು ತಿಂಗಳಾದರೂ ಸಾರಿಗೆ ಸಾಸಿವೆಯಿಲ್ಲ, ಇಂಗಿಲ್ಲ. ಸಂಸ್ಥಾನದ ಕಾಲದಲ್ಲಿ ಅರ್ಜಿದಾರನಿಗೆ ಮೂಲಭೂತ ಹಕ್ಕುಗಳಿರಲಿಲ್ಲ, ಒಗ್ಗರಣೆ ಇತ್ತು. ಈಗ ಹಕ್ಕುಗಳು ಬಂದಿವೆ.

೩. ಆರನೆಯ ತೋಳು ಅರ್ಜಿದಾರನದು, ಅದಕ್ಕೆ ಇನ್ನೂ ಲಸಿಕೆಯಾಗಿಲ್ಲ. ಕಾರಣ ಅವನು ಹದಿನಾಲ್ಕು ಪುಟ ಬರೆದು, ಸಂವಿಧಾನದ ಕಲಮು ೨೧ರ ಪ್ರಕಾರ ತೋಳು ತನ್ನ ಸ್ವಂತದ್ದೆಂದೂ, ಎಲ್ಲ ಧರ್ಮಕ್ಕೂ ಒಂದೇ ಆದ ಸರ್ಕಾರವು ಖಾಸಿಂಸಾಬರ ಪೆಟ್ಟಿಗೆಯಲ್ಲಿ ದೇವಿಯನ್ನು ಮನೆಮನೆಗೆ ಕಳಿಸುವಂತಿಲ್ಲವೆಂದೂ ವಾದಿಸಿದನು. ಸೂಜಿ ಕಂಡರೆ ಅವನ ಕೈಕಾಲು ತಣ್ಣಗಾಗುವ ಸಂಗತಿಯನ್ನು ಅದರಲ್ಲಿ ಕಾಣಿಸಿರಲಿಲ್ಲ.

೪. ಖಾಸಿಂಸಾಬರು ಆಕ್ಷೇಪಣೆಯನ್ನು ಎರಡು ಕೈಯಿಂದ ತೆಗೆದುಕೊಂಡು, “ರಾಯರ, ಕಾಗದ ಕೊಟ್ಟೀರಿ, ಭಾಳ ಚಲೋ ಆತು. ತೋಳೂ ಕೊಟ್ಟಿದ್ರ ಜಲ್ದಿ ಮುಗೀತಿತ್ತು” ಎಂದರು. ಅರ್ಜಿ ಇತ್ಯರ್ಥವಾಗುವವರೆಗೆ ಯಾರೂ ಯಾರನ್ನೂ ಮುಟ್ಟುವಂತಿಲ್ಲ ಎಂದು ಅರ್ಜಿದಾರನು ಮೂವತ್ತು ವರ್ಷದ ಅನುಭವದಿಂದ ತಿಳಿಸಿದನು. ಅವರು ಯಾದಿಯಲ್ಲಿ ಅವನ ಹೆಸರಿನ ಮುಂದೆ ‘ಆಕ್ಷೇಪಣೆ ಇದೆ’ ಎಂದು ಬರೆದುಕೊಂಡು ಮುಂಡರಗಿ ಕಡೆ ಹೋದರು. ಅರ್ಜಿದಾರನು ಗೆದ್ದನು.

೫. ಗೆದ್ದವನು ಊಟಕ್ಕೆ ಕೂತಾಗ ಸಾರು ಹಿಂದಿನಂತೆಯೇ ಇತ್ತು. ಕೇಳಲಾಗಿ ಜಾನಕೀಬಾಯಿಯವರು, “ನಿಮ್ಮ ಅರ್ಜಿ ಇತ್ಯರ್ಥ ಆಗೂತನಕ ಒಗ್ಗರಣಿನೂ ತಡದೈತ್ರಿ. ಇವತ್ತಲ್ಲ ನಾಳೆ ನಿಮ್ಮ ತೋಳಿಗೂ ದೇವಿ ಬರಾಕೀನ. ನಡುವ ಸಾಸವಿ ಚಟಗುಡಿಸಿ ಯಾಕ ಸಿಟ್ಟಿಗೆಬ್ಬಿಸೋಣು?” ಎಂದರು. ಈ ವಾದಕ್ಕೆ ಅರ್ಜಿದಾರನು ಯಾವ ಕಲಮೂ ಕಾಣನು.

೬. ಆಮೇಲೆ ಅವರು ತಟ್ಟೆ ಎತ್ತುತ್ತ ದನಿ ತಗ್ಗಿಸಿ, “ನಮ್ಮಣ್ಣ ಹನ್ನೊಂದು ವರ್ಷದಾಂವ ದೇವಿ ಬಂದು ಹೋದ. ಅವಾಗ ಈ ಪೆಟಗಿ ನಮ್ಮೂರಿಗೆ ಬಂದಿರಲಿಲ್ಲ. ಬಾಗಲಿಗೆ ಬಂದದ್ದನ್ನ ನೀವು ಹದಿನಾಲ್ಕು ಹಾಳಿ ಬರದು ಹೊಳ್ಳಿ ಕಳಸಿದ್ರಿ” ಎಂದರು. ಅವರ ಗಲ್ಲದ ಮೇಲೂ ಅದೇ ವರ್ಷದ ಕಲೆಗಳಿವೆ. ನಲವತ್ತು ವರ್ಷ ಎದುರಿಗೆ ಕೂತು ಉಂಡ ಅರ್ಜಿದಾರನಿಗೆ ಬಹಳ ನಾಚಿಕೆಯಾಯಿತು.

೭. ಆದರೂ ತಾನು ಬರೆದದ್ದನ್ನು ತಾನೇ ಹಿಂಪಡೆದರೆ ನಾಳೆ ಕಟ್ಟೆಯ ಮೇಲೆ ಅವನಿಂದ ಅರ್ಜಿ ಬರೆಸುವವರು ಯಾರು? ಆದ್ದರಿಂದ ತಾವು ಸದರಿ ಆಕ್ಷೇಪಣೆಯನ್ನು ಓದದೆಯೇ ತಿರಸ್ಕರಿಸಿ, ಖಾಸಿಂಸಾಬರನ್ನು ಮುಂಡರಗಿಯಿಂದ ತಿರುಗಿ ಕಳಿಸಿ, ಅರ್ಜಿದಾರನಿಗೆ ಬಲವಂತದಿಂದ ಲಸಿಕೆ ಹಾಕಿಸಬೇಕು. ಬಲವಂತ ಸಾಕಷ್ಟು ಆಯಿತೆಂದು ಅವನೇ ಬರೆದುಕೊಡುವನು. ಸೂಜಿ ಚುಚ್ಚುವಾಗ ಜಾನಕೀಬಾಯಿಯವರು ಪಕ್ಕದಲ್ಲಿರಲು ಅಪ್ಪಣೆ ಬೇಕು.

ಎಡತೋಳು ಬಿಚ್ಚಿಕೊಂಡು ಕಟ್ಟೆಯ ಮೇಲೆ ಕಾದಿರುವ,
ತಮ್ಮ ವಿಶ್ವಾಸಿ,
ಮಾ. ಪ್ರ. ಹುಲಗೂರ

ಲಗತ್ತು:
೧) ತಿರಸ್ಕರಿಸಬೇಕಾದ ಆಕ್ಷೇಪಣೆಯ ನಕಲು, ಮೂರು ಪ್ರತಿ.
೨) ಒಗ್ಗರಣೆಯಿಲ್ಲದ ಸಾರು, ಒಂದು ಶೀಶೆ, ತಮ್ಮ ಅವಗಾಹನೆಗಾಗಿ.

ವಿ. ಸೂ.: ಶೀಶೆಯನ್ನು ತೊಳೆದು ಮರಳಿ ಕಳಿಸಬೇಕು. ಅದು ಜಾನಕೀಬಾಯಿಯವರು ಇಂಗು ಇಡುವ ಶೀಶೆ. ಅರ್ಜಿದಾರನ ಹಕ್ಕಳೆ ಉದುರಿದ ದಿನ ಬೇಕಾಗುತ್ತದೆ.