ಕರಿಕೋಟಿನ ಮೇಲೆ ಬಿಳಿ ಚುಕ್ಕೆ

"ಈ ತಲೆಹೊಟ್ಟಿನ ಹುಟ್ಟಡಗಿಸದಿದ್ದರೆ ನಾನು ಕತ್ತರಿ ಹಿಡಿಯುವುದನ್ನೇ ಬಿಡುತ್ತೇನೆ!"

ಕನ್ನಡಿಯ ಮುಂದೆ ನಿಂತು ಹೀಗೆ ಭೀಕರ ಪ್ರತಿಜ್ಞೆ ಮಾಡಿದವರು ಕೋಟು ಹೊಲಿಯುವುದರಲ್ಲಿ ಹೆಸರಾದ ದರ್ಜಿ ಮಾಸ್ತರರು. ತಲೆ ಒಣಗಿದ್ದರಿಂದಲೇ ಹೊಟ್ಟು ಉದುರುತ್ತದೆ, ಒಣಗಿದ್ದಕ್ಕೆ ಎಣ್ಣೆಯೇ ಮದ್ದು ಎಂಬುದು ಅವರ ಸಿದ್ಧಾಂತ. ಬಟ್ಟಲು ಬಟ್ಟಲು ಎಣ್ಣೆ ನೆತ್ತಿಯ ಮೇಲೆ ಧಾರೆಯಾಗಿ ಇಳಿಯತೊಡಗಿತು. ಹೊಟ್ಟು ಹೆದರಿ ಓಡಿತೆ? ಇಲ್ಲ! ಜಿಡ್ಡುಗಟ್ಟಿ, ದಪ್ಪವಾಗಿ, ಹುಬ್ಬಿಗಿಳಿದು, ಮೂಗಿನ ಎರಡು ಬದಿಗೂ ಕೆಂಪು ಬಾವುಟ ನೆಟ್ಟಿತು. ಮಾಸ್ತರರು ಎಣ್ಣೆಯನ್ನು ಇಮ್ಮಡಿಗೊಳಿಸಿದರು.

"ರೀ, ನಿಮ್ಮ ದಿಂಬು ಹಿಂಡಿದ್ರೆ ಬೀದಿಗೆಲ್ಲ ದೀಪ ಹಚ್ಚಬಹುದು. ಡಾಕ್ಟ್ರಿಗೆ ತೋರಿಸಬಾರದಾ?" ಎಂದಳು ಹೆಂಡತಿ.

"ತಲೆ ನಂದು ಕಣೇ. ಅದರ ವಿಷಯ ನನಗಿಂತ ಅವರಿಗೆ ಜಾಸ್ತಿ ಗೊತ್ತಾ?"

ಮನುಷ್ಯನ ನೆತ್ತಿಯನ್ನು ಅವನ ಕಣ್ಣಿಗೇ ಕಾಣದ ಜಾಗದಲ್ಲಿಟ್ಟ ಭಗವಂತನ ಉದ್ದೇಶ ಮಾಸ್ತರರಿಗೆ ಇನ್ನೂ ತಿಳಿದಿರಲಿಲ್ಲ.

ಆ ಮನೆಯಲ್ಲಿ ಒಂದು ಶಾಸನವಿತ್ತು. ಗುಂಡಿಯ ತೂತು ಎಲ್ಲಿ ಬರಬೇಕೋ ಅಲ್ಲಿ ಮಾಸ್ತರರು ಸೀಮೆಸುಣ್ಣದ ಚುಕ್ಕೆ ಇಡಬೇಕು. ಹೆಂಡತಿ ಅಲ್ಲಿ ಕತ್ತರಿಸಿ ಅಂಚು ಹೊಲಿಯಬೇಕು. ಚುಕ್ಕೆ ಬಿದ್ದ ಮೇಲೆ ಬಟ್ಟೆಯನ್ನು ಕೊಡವಬಾರದು, ಒರೆಸಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಪ್ರಶ್ನೆ ಕೇಳಬಾರದು! "ನನ್ನ ಚುಕ್ಕೆ ತಪ್ಪಿದ್ದೇ ಇಲ್ಲ" ಎಂಬುದು ಅವರ ಬದುಕಿನ ಬಂಡವಾಳ.

ಎದುರು ಬೀದಿಯ ಚರ್ಮರೋಗದ ಡಾಕ್ಟರಮ್ಮ ಕರಿಕೋಟು ಹೊಲಿಯಲು ಕೊಟ್ಟಿದ್ದರು. ಕೋಟು ಒಪ್ಪಿಸಬೇಕಾದ ದಿನ ಸಂಜೆಯೇ ದೊಡ್ಡ ಸಭೆಯಲ್ಲಿ ಅವರ ಉಪನ್ಯಾಸ. ಆ ಚಿಂತೆಯಲ್ಲಿ ಮಾಸ್ತರರಿಗೆ ನಿದ್ದೆಯಿಲ್ಲ, ನಿದ್ದೆಯಿಲ್ಲದೆ ತುರಿಕೆ, ತುರಿಕೆಗೆ ಕೈ ಸುಮ್ಮನಿರಲಿಲ್ಲ. ಒಂದು ಕೈಯಲ್ಲಿ ಚುಕ್ಕೆ ಇಟ್ಟು, ಇನ್ನೊಂದರಲ್ಲಿ ತಲೆ ಕೆರೆದುಕೊಳ್ಳುತ್ತಲೇ ಕೋಟನ್ನು ಹೆಂಡತಿಯ ಕಡೆ ಸರಿಸಿದರು.

ಮಧ್ಯಾಹ್ನ ಡಾಕ್ಟರಮ್ಮ ಬಂದು ಕೋಟು ಬಿಡಿಸಿದವರೇ ದಂಗಾದರು. ಗುಂಡಿ ಎರಡು, ತೂತು ಆರು! ಒಂದಂತೂ ಭುಜದ ಹತ್ತಿರ!

ಮಾಸ್ತರರು ಹೆಂಡತಿಯ ಕಡೆ ತಿರುಗಿದರು. "ಏನೇ ಇದು, ಕೋಟೋ ಜರಡಿಯೋ?"

"ನೀವು ಚುಕ್ಕೆ ಇಟ್ಟಲ್ಲೆಲ್ಲ ಕತ್ತರಿಸಿದೆ. ಹೊಸ ಫ್ಯಾಶನ್ ಅಂದ್ಕೊಂಡೆ. ಕೇಳೋ ಹಾಗಿಲ್ಲವಲ್ಲ!"

"ನಾನಿಟ್ಟಿದ್ದು ಎರಡೇ ಚುಕ್ಕೆ!"

"ಉಳಿದದ್ದು ಇಟ್ಟವರ್ಯಾರು, ನಮ್ಮಪ್ಪನಾ?"

ಮಾಸ್ತರರು ತಲೆ ಕೆರೆದುಕೊಂಡರು. ಮೂವರೂ ನೋಡುತ್ತಿದ್ದಂತೆ ಕೋಟಿನ ಮೇಲೆ, ಮೆಲ್ಲಗೆ, ಏಳನೆಯ ಚುಕ್ಕೆ ಬಂದು ಕುಳಿತಿತು!

ಡಾಕ್ಟರಮ್ಮ ಕೋಟು ಬಿಟ್ಟು ಅವರ ತಲೆ ನೋಡಿದರು. "ಮಾಸ್ಟ್ರೇ, ತಲೆಗೇನು ಹಚ್ತೀರಿ?"

"ಎಣ್ಣೆ, ಧಾರಾಳವಾಗಿ."

"ಅದನ್ನ ಯಾರಿಗೆ ಬಡಿಸ್ತಿದ್ದೀರಿ ಗೊತ್ತಾ?"

"ಬಡಿಸೋದಾ?"

"ಎಲ್ಲರ ಚರ್ಮದ ಮೇಲೂ ಕಣ್ಣಿಗೆ ಕಾಣದ ಒಂದು ಶಿಲೀಂಧ್ರ ಇರುತ್ತೆ, ಯೀಸ್ಟ್ ಜಾತೀದು. ಜಿಡ್ಡೇ ಅದರ ಊಟ. ಚರ್ಮ ಸುರಿಸೋ ಜಿಡ್ಡನ್ನ ತಿಂದು, ಉಳಿದದ್ದನ್ನ ಅಲ್ಲೇ ಬಿಡುತ್ತೆ. ಕೆಲವರ ಮೈಗೆ ಅದು ಆಗಿಬರಲ್ಲ. ಚರ್ಮ ಕೆರಳಿ, ಕೆಂಪಾಗಿ, ಗಡಿಬಿಡೀಲಿ ಪದರಪದರವಾಗಿ ಕಳಚುತ್ತೆ. ಚಳಿ, ಚಿಂತೆ, ನಿದ್ದೆಗೇಡು ಸೇರಿದ್ರೆ ಇನ್ನೂ ಜೋರು. ನೀವೋ ಮೇಲಿಂದ ಎಣ್ಣೆ ಸುರಿದು ಔತಣಾನೇ ಹಾಕಿಸಿದ್ದೀರಿ!"

ಮಾಸ್ತರರು ತಲೆಯ ಮೇಲಿದ್ದ ಕೈಯನ್ನು ಥಟ್ಟನೆ ಕೆಳಗಿಳಿಸಿದರು. ಇಷ್ಟು ದಿನ ವೈರಿಯೆಂದು ಯಾರ ಮೇಲೆ ಕತ್ತಿ ಮಸೆದಿದ್ದರೋ ಅವರಿಗೇ ಬಿಸಿಬಿಸಿಯಾಗಿ ಬಡಿಸಿದ್ದು ತಾವೇ!

"ಅಂದ್ರೆ... ನನ್ನ ತಲೆ ಮೇಲೆ... ಜೀವ ಇದೆಯಾ?"

"ನನ್ನ ತಲೆ ಮೇಲೂ ಇದೆ. ಇದು ಕೊಳಕಲ್ಲ, ಅಂಟೋದೂ ಇಲ್ಲ. ಔಷಧಿ ಶಾಂಪೂ ಬರೆದುಕೊಡ್ತೀನಿ, ಎಣ್ಣೆ ಬಿಡಿ. ಸಂಜೆ ನಾನು ಏನು ಹಾಕ್ಕೊಳ್ಳಲಿ, ಅದು ಹೇಳಿ!"

ಪುಣ್ಯಕ್ಕೆ ಬಟ್ಟೆ ಮಿಕ್ಕಿತ್ತು. ಮಾಸ್ತರರು ತಲೆಗೆ ಬಿಗಿಯಾಗಿ ಟವೆಲು ಸುತ್ತಿ, ಮನದಲ್ಲೇ ದೇವರನ್ನು ನೆನೆಯುತ್ತ ಕೋಟಿನ ಮುಂಭಾಗವನ್ನು ಹೊಸದಾಗಿ ಕತ್ತರಿಸಿದರು. ಎರಡು ಚುಕ್ಕೆಯಿಟ್ಟು ಹೆಂಡತಿಗೆ ನೀಡಿದರು. ಅವಳು ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಫಟ್ಟೆಂದು ಕೊಡವಿದಳು!

"ಏ, ಏ! ಕೊಡವಬಾರದು ಅಂತ ಹೇಳಿಲ್ವಾ?"

"ಗಾಬರಿ ಆಗ್ಬೇಡಿ," ಎಂದು ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದಳು. "ಕೊಡವಿದ ಮೇಲೂ ಉಳಿದಿರೋದು ಸೀಮೆಸುಣ್ಣ. ಉದುರಿ ಹೋದದ್ದು ನಮ್ಮ ಯಜಮಾನರು!"